ನೆಲುವಿನ ಮೇಲಿನ ಎರೆಮಣ್ಣು

೧೯೬೨ರ ಚಳಿಗಾಲದಲ್ಲಿ ಕೋಗಿಲಬನ ಎಂಬ ಊರಿನ ತನ್ನ ಮನೆಯ ಹಿತ್ತಲಲ್ಲಿ ಸತ್ತೆವ್ವ ಬಿತ್ತಿದ ಕಡಲೆ ಗೇಣುದ್ದಕ್ಕೇ ಹಳದಿಯಾಯಿತು. ಗಂಡ ಕಾಗದದ ಗಿರಣಿ ಸೇರಿದ್ದರಿಂದ ನವಲಗುಂದದ ಕಡೆಯಿಂದ ಬಂದವಳು. ಗಿಡದಿಂದಲೇ ಕಿತ್ತು ತಿನ್ನುವ ಹಸಿ ಕಡಲೆಕಾಯಿ, ಸುಲಗಾಯಿ ಇಲ್ಲದ ಚಳಿಗಾಲ ಅವಳಿಗೆ ಚಳಿಗಾಲವೇ ಅಲ್ಲ. ಗಿಡ ಕಿತ್ತು ನೋಡಿದಳು. ತವರಿನ ಕಡಲೆಯ ಬೇರಿಗಿರುವ ಗಂಟುಗಳು ಇಲ್ಲಿರಲಿಲ್ಲ.

“ಆ ಗಂಟಿನ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವ್ರೀ ಅಕ್ಕಾರ, ಗಿಡಕ್ಕ ಗೊಬ್ಬರ ಮಾಡಿ ಕೊಡ್ತಾವ. ತವರಿನ ಕಡಲಿ ಹೊಲದ ಮಣ್ಣು ತಂದು ಬೀಜಕ್ಕ ಸವರ್ರಿ,” ಎಂದರು ಬೇಸಾಯದ ಸಲಹೆ ಕೊಡಲು ಬರುತ್ತಿದ್ದ ಗ್ರಾಮಸೇವಕರು.

ಮುಂದಿನ ಪಂಚಮಿಗೆ ತವರಿಗೆ ಹೋದವಳು ಸೀರೆ ಬೇಡವೆಂದು ಮಣ್ಣು ಕೇಳಿದಳು. ಅವ್ವ ತಾನೇ ಹೊಲದ ಕಪ್ಪು ಎರೆಮಣ್ಣು ಅಗೆದು ಚೀಲ ತುಂಬಿದಳು. ಬಸ್ಸಿನಲ್ಲಿ ಜನ ನಕ್ಕರು, ನಗಲಿ. ಅರ್ಧ ಮಣ್ಣನ್ನು ಬೀಜಕ್ಕೆ ಸವರಿ ಬಿತ್ತಿದಳು. ಇನ್ನರ್ಧವನ್ನು ನೆಲಕ್ಕೆ ಕೊಡಲು ಮನಸ್ಸಾಗದೆ ಒಲೆಯ ಮೇಲೆ ತೂಗುವ ನೆಲುವಿನಲ್ಲಿಟ್ಟಳು. ಅವ್ವ ನೆನಪಾದಾಗಲೆಲ್ಲ ಬಿಚ್ಚಿ ಮೂಸುತ್ತಿದ್ದಳು. ಆ ವರ್ಷ ಹೊಟ್ಟೆ ತುಂಬ ಸುಲಗಾಯಿ ತಿಂದರು.

ಮರುವರ್ಷ ಅವ್ವ ತೀರಿಕೊಂಡಳು. ಸತ್ತೆವ್ವ ನೆಲುವಿನ ಮಣ್ಣು ಸವರಿ ಹೊಸ ಮಡಿಯಲ್ಲಿ ಕಡಲೆ ಬಿತ್ತಿದಳು. ಒಂದು ಗಂಟೂ ಬರಲಿಲ್ಲ.

“ಒಲಿ ಕಾವಿಗೆ ಜೀವ ಸತ್ತಾವ್ರೀ,” ಎಂದರು ಗ್ರಾಮಸೇವಕರು. “ನೆಲಕ್ಕ ಹಾಕಿದ್ದಷ್ಟ ಉಳದೈತಿ.”

ಸತ್ತೆವ್ವ ಹೋದ ವರ್ಷ ಬಿತ್ತಿದ್ದ ಹಳೆಯ ಮಡಿಗೆ ಹೋಗಿ ಒಂದು ಹಿಡಿ ಕೆಂಪು ಮಣ್ಣೆತ್ತಿ ಮೂಸಿದಳು. ಅವ್ವನ ಹೊಲದ ವಾಸನೆ ಅದರಲ್ಲಿರಲಿಲ್ಲ. ಆದರೂ ಸೆರಗಿಗೆ ಕಟ್ಟಿಕೊಳ್ಳಹೋದವಳು, ತಡೆದು, ಅಲ್ಲೇ ನೆಲಕ್ಕೆ ಸುರಿದಳು.