ಕಡಲ ಗಾಳಿಗೆ ಜರಡಿ

ಮೊಯ್ನಾಕಿನಲ್ಲಿ ಇವತ್ತಿಗೂ ಯಾರನ್ನಾದರೂ ಹುಡುಕಿಕೊಂಡು ಹೋದರೆ ಮನೆಯವರು ‘ಕಡಲಿಗೆ ಹೋಗಿದಾನೆ’ ಅನ್ನುತ್ತಾರೆ. ಕಡಲು ನಮ್ಮೂರನ್ನು ಬಿಟ್ಟುಹೋಗಿ ಅರ್ಧ ಶತಮಾನವಾಗುತ್ತ ಬಂತು. ಅದು ಬಿಟ್ಟ ನೆಲದಲ್ಲಿ ಉಪ್ಪು, ಚಿಪ್ಪು, ಮೈದಾಹಿಟ್ಟಿಗಿಂತ ನುಣುಪಾದ ಧೂಳು ಬಿಟ್ಟರೆ ಬೇರೇನಿಲ್ಲ. ಆದರೂ ನಾವು ಹೋಗುವುದು ಕಡಲಿಗೇ, ದೋಣಿಯ ಬದಲು ಜೀಪಿನಲ್ಲಿ, ವ್ಯಾನಿನಲ್ಲಿ. ಹಾಳಾದ ಹಟ ನಮ್ಮದು.

ಹಾಗೆ ಹೊರಟವರೆಲ್ಲ ಮೊದಲು ತೊರೆಮುರಾತನ ಶೆಡ್ಡಿನ ಮುಂದೆ ನಿಲ್ಲುತ್ತಾರೆ. ಎಪ್ಪತ್ತೊಂದು ವರ್ಷದ ಮೆಕ್ಯಾನಿಕ್ಕು. ಕೈ ಬೆರಳುಗಳು ನೆಟ್ಟಗಾಗುವುದನ್ನು ಮರೆತಿವೆ, ಕಿವಿ ಮಾತ್ರ ಚುರುಕು. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಊರಿಗೆ ಉಳಿದ ಒಬ್ಬನೇ ಒಳ್ಳೆಯ ಮೆಕ್ಯಾನಿಕ್ ಅವನು ಎಂದು ಆಡಿಕೊಳ್ಳುವವರಿದ್ದಾರೆ. ಅವರ ಗಾಡಿ ಕೆಟ್ಟಾಗ ಅವರೂ ಅಲ್ಲಿಗೇ ಬರುತ್ತಾರೆ ಅನ್ನುವುದು ಬೇರೆ ಮಾತು.

ಇಂಜಿನ್ನಿಗೆ ಹೋಗುವ ಗಾಳಿಯ ಧೂಳು ಸೋಸುವ ಏರ್ ಫಿಲ್ಟರ್ ಕೇಳಿಕೊಂಡು ಬಂದವರಿಗೆ ಅವನು ಗಾಡಿ ಯಾವುದು ಎಂದು ಆಮೇಲೆ ಕೇಳುತ್ತಾನೆ. ಮೊದಲ ಪ್ರಶ್ನೆ, ‘ಎಲ್ಲಿಗೆ ಹೊರಟೆ?’ ಎರಡನೆಯದು, ‘ಜೊತೆಗೆ ಯಾರಿರ್ತಾರೆ?’ ಫಿಲ್ಟರ್ ಕೊಳ್ಳೋಕೆ ಹೋದರೆ ಹೆಣ್ಣು ಕೊಡೋ ಮಾವನ ಹಾಗೆ ವಿಚಾರಿಸ್ತಾನಪ್ಪ ಎಂದು ಜನ ಬೇಸರಪಡುತ್ತಿದ್ದರು. ಆದರೆ ಶೆಡ್ಡಿನ ಗೋಡೆಯ ದಪ್ಪ ಮೊಳೆಗೆ ನೇತುಹಾಕಿದ್ದ ಹಳೆಯ ಫಿಲ್ಟರೊಂದನ್ನು ಅವನು ಯಾರಿಗೂ ಕೊಟ್ಟವನಲ್ಲ. ಕಪ್ಪು ತಗಡಿನ, ಅಡಿಯಲ್ಲಿ ಧೂಳು ಹಿಡಿಯುವ ಎಣ್ಣೆಯ ಬಟ್ಟಲಿರುವ ಫಿಲ್ಟರು. ಪ್ರತಿ ವಸಂತದಲ್ಲೂ ಅದನ್ನು ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಮತ್ತೆ ಅದೇ ಮೊಳೆಗೆ ಹಾಕುತ್ತಿದ್ದ. ಊರವರು ಅದಕ್ಕೆ ‘ತೊರೆಮುರಾತನ ಎರಡನೇ ಹೆಂಡತಿ’ ಎಂದು ಹೆಸರಿಟ್ಟಿದ್ದರು. ಮೊದಲನೆಯ ಹೆಂಡತಿ, ಇರುವ ಒಬ್ಬಳೇ ಹೆಂಡತಿ, ಜಿಯ್ವಾರ್. ಊರೆಲ್ಲ ನಕ್ಕರೂ ಆ ತಮಾಷೆಗೆ ಅವಳು ಒಮ್ಮೆಯೂ ನಕ್ಕಿರಲಿಲ್ಲ.

ಈ ಸಲದ ಮಾರ್ಚಿನಲ್ಲಿ, ಗಾಳಿ ಏಳುವ ಕಾಲಕ್ಕೆ ಸರಿಯಾಗಿ, ಸಾಪುರಾ ತನ್ನ ವ್ಯಾನನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಳು. ಅವಳು ಹೆರಿಗೆ ನರ್ಸು, ನಲವತ್ತರ ಗಟ್ಟಿ ಹೆಂಗಸು. ಡ್ರೈವರ್ ಕಜಕಸ್ತಾನಕ್ಕೆ ದುಡಿಯಲು ಹೋದಮೇಲೆ ಸ್ಟೀರಿಂಗನ್ನೂ ಅವಳೇ ಹಿಡಿದಿದ್ದಳು. ಒಣಗಿದ ಕಡಲ ತಳದಲ್ಲಿ ಗಿಡ ನೆಡುವವರ ಡೇರೆಗಳಿಗೆ ಎಂಟು ದಿನ ಸುತ್ತಿ ಬರಬೇಕಿತ್ತು.

“ಅಗಾ, ಇಂಜಿನ್ ಆಯಿಲ್ ಬದಲಾಯಿಸಿಕೊಡಿ, ಅಷ್ಟೇ ಸಾಕು. ಬೇರೆಲ್ಲ ಭರ್ಜರಿಯಾಗಿದೆ,” ಎಂದಳು. ನಮ್ಮಲ್ಲಿ ಹಿರಿಯ ಗಂಡಸರೆಲ್ಲ ಅಗಾ, ಹಿರಿಯ ಹೆಂಗಸರೆಲ್ಲ ಅಪಾ. “ನಾಕು ದಿನದ ಹಿಂದೆ ನನ್ನ ತಮ್ಮ ನುಕುಸ್ ಪಟ್ಟಣದ ಬಜಾರಿಂದ ಹೊಸ ಫಿಲ್ಟರ್ ತಂದು ಕೂರಿಸಿದ. ಗಾಡಿ ಕುದುರೆ ಥರ ಓಡ್ತಿದೆ.”

‘ಕುದುರೆ ಥರ’ ಎಂಬ ಮಾತಿಗೆ ತೊರೆಮುರಾತನ ಕೈಯಲ್ಲಿದ್ದ ಸ್ಪ್ಯಾನರು ನಿಂತಿತು. ಎರಡು ಸೀಟುಗಳ ನಡುವಿನ ಇಂಜಿನ್ ಮುಚ್ಚಳ ತೆಗೆದು ನೋಡಿದ. ಕೆಂಪು ಅಂಚಿನ, ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರು ಕಾರ್ಬುರೇಟರಿನ ಮೇಲೆ ಮದುಮಗನಂತೆ ಕೂತಿತ್ತು. ಬಿಚ್ಚಿ ಬಿಸಿಲಿಗೆ ಹಿಡಿದ. ಮಡಿಕೆಗಳ ನಡುವೆ ಸೂಜಿಮೊನೆಯಷ್ಟು ಬೆಳಕುಗಳು ಕಂಡವು.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು,” ಎಂದ. “ಎಲ್ಲಿಗೆ ಹೊರಟೆ?”

“ಗೊತ್ತಿಲ್ವಾ ಅಗಾ? ಕಡಲಿಗೆ.”

“ಬೆರಳು ಹಾಕು ಇಲ್ಲಿ. ಫಿಲ್ಟರಿಂದ ಈಚೆ, ಗಾಳಿ ಒಳಗೆ ಹೋಗೋ ಬಾಯಿ ಇದು. ಇಲ್ಲಿ ಧೂಳಿನ ಕಣ ಇರಬಾರದು.”

ಅವಳು ಬೆರಳು ಹಾಕಿ ತೆಗೆದಳು. ತುದಿ ಬೂದಿ ಬಣ್ಣಕ್ಕೆ ತಿರುಗಿತ್ತು.

“ನಾಲಿಗೆಗೆ ಇಟ್ಟು ನೋಡು.”

“ಥೂ! ಉಪ್ಪು.”

“ಆ ಉಪ್ಪು ಈಗ ಸಿಲಿಂಡರೊಳಗೂ ಇದೆ. ಕಲ್ಲಿನ ರಸ್ತೆಗಾದ್ರೆ ಈ ಕೆಂಪಮ್ಮ ಪರವಾಗಿಲ್ಲ. ಉಸಿರು ಜಾಸ್ತಿ ಬಿಡ್ತಾಳೆ, ಗಾಡಿ ಓಡುತ್ತೆ. ಯಾಕೆ ಬಿಡ್ತಾಳೆ? ತೂತು ದೊಡ್ಡದು, ಅದಕ್ಕೆ. ನಮ್ಮ ಧೂಳು ಅದರಲ್ಲಿ ಮೆರವಣಿಗೆ ಹೋಗುತ್ತೆ.”

ಅವಳ ಮುಖ ಸಣ್ಣದಾಯಿತು. “ಹಾಗಾದ್ರೆ ಕಾಗದದ್ದು ಹಾಕಿ.”

ಅವನ ಬಳಿ ಕಾಗದದ ಫಿಲ್ಟರು ಎರಡಿದ್ದವು. ಸೋಸುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ, ಆ ಮಾತು ಅವನು ಯಾವಾಗಲೂ ಒಪ್ಪುತ್ತಿದ್ದ. ಆದರೆ ಮುಂಜಾನೆಯ ತೇವಕ್ಕೆ ಅದರ ಮೇಲಿನ ಉಪ್ಪು ಕರಗಿ, ಬಿಸಿಲಿಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಆಗ ನಮ್ಮ ಜನ ಮಾಡುವುದೇನು? ಫಿಲ್ಟರನ್ನು ಬಿಚ್ಚಿ ಟೈರಿಗೆ ಪಟಪಟ ಬಡಿಯುತ್ತಾರೆ. ಕಾಗದ ಎಲ್ಲೋ ಒಂದು ಕಡೆ ಬಿರಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

“ಎರಡೂ ಕೊಡ್ತೀನಿ. ಟೈರಿಗೆ ಬಡಿದೆಯೋ, ನನ್ನ ಶೆಡ್ಡಿಗೆ ಕಾಲಿಡಬೇಡ.”

“ಎರಡೂ ಕಟ್ಟಿಕೊಂಡ್ರೆ? ಎಂಟು ದಿನ ಅಗಾ. ಅಲ್ಲಿ ನನಗೆ ಯಾರು ತಂದುಕೊಡ್ತಾರೆ?”

ಉತ್ತರ ಗೋಡೆಯ ಮೊಳೆಯಲ್ಲಿತ್ತು. ಇಬ್ಬರೂ ಅತ್ತಲೇ ನೋಡಿದರು. ಎಣ್ಣೆಯ ಫಿಲ್ಟರು ಇಂಜಿನ್ನಿನ ಓಟವನ್ನು ಸ್ವಲ್ಪ ತಗ್ಗಿಸುತ್ತದೆ, ಗಾಡಿ ವಾಲಿದರೆ ಎಣ್ಣೆ ಚೆಲ್ಲುತ್ತದೆ, ದಿನವೂ ಚಾಕರಿ ಬೇಡುತ್ತದೆ. ಆದರೆ ಎಲ್ಲಿ ಬೇಕಾದರೂ ತೊಳೆದು, ಅಷ್ಟು ಎಣ್ಣೆ ಸುರಿದರೆ ಅದು ಮತ್ತೆ ಹೊಸದು. ಕಡಲ ತಳದಲ್ಲಿ ನೂರಿಪ್ಪತ್ತು ಕಿಲೋಮೀಟರು ಒಳಕ್ಕೆ ಹೋಗುವ ಒಂಟಿ ಹೆಂಗಸಿಗೆ ಬೇಕಾದದ್ದು ಅದೇ.

“ಅದು ಕೊಡೋದಲ್ಲ,” ಎಂದು ತೊರೆಮುರಾತ್ ಮುಖ ತಿರುಗಿಸಿದ.

ಯಾಕೆ ಕೊಡುವುದಲ್ಲ ಎಂಬುದು ಅವನೊಬ್ಬನಿಗೆ ಗೊತ್ತಿತ್ತು, ಅಥವಾ ಹಾಗೆಂದು ಅವನು ನಂಬಿದ್ದ.

ಇಪ್ಪತ್ತಾರರ ಪ್ರಾಯದಲ್ಲಿ ಅವನು ಮೀನು ಹಿಡಿಯುವ ದೋಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದವನು. ನೀರಿನ ಮೇಲೆ ಧೂಳೆಲ್ಲಿ? ದೋಣಿಯ ಇಂಜಿನ್ನಿಗೆ ಅವನು ಫಿಲ್ಟರ್ ಹಾಕಿದ್ದೇ ಇಲ್ಲ. ಕಡಲು ಮೂವತ್ತೈದು ಕಿಲೋಮೀಟರು ಸರಿದಾಗ ಮೀನುಗಾರರ ಸಂಘ ಅವನಿಗೆ ಇದೇ ಮಾದರಿಯ ಒಂದು ವ್ಯಾನ್ ಕೊಟ್ಟು, ದೂರವಾದ ದಡದಿಂದ ಮೀನು ತರಲು ಹಚ್ಚಿತು. ಫಿಲ್ಟರಿನ ಎಣ್ಣೆ ದಿನಾ ಸಂಜೆಗೆ ಕೆಸರಾಗುತ್ತಿತ್ತು, ವ್ಯಾನು ಏದುಸಿರು ಬಿಡುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ಬಿಚ್ಚಿ ಈ ಮೊಳೆಗೆ ನೇತುಹಾಕಿ ಹೊರಟುಬಿಟ್ಟ. ದಡದ ಬಿಡಾರದಲ್ಲಿ ಎಲ್ಲರೆದುರು, “ಕಡಲ ಗಾಳಿಗೆ ಜರಡಿ ಯಾಕ್ರೋ?” ಎಂದ. ಬಿಡಾರವೇ ನಕ್ಕಿತು. ದೋಣಿಯಲ್ಲಿ ಬೆಳೆದ ನಮಗಲ್ಲದೆ ಇನ್ಯಾರಿಗೂ ಆ ಬುದ್ಧಿ ಹೊಳೆಯುತ್ತಿರಲಿಲ್ಲ. ನಮ್ಮ ಪಾಲಿಗೆ ಅದು ಇನ್ನೂ ಕಡಲೇ ಆಗಿತ್ತು.

ಹತ್ತು ದಿನ ವ್ಯಾನು ಕುದುರೆಯಂತೆ ಓಡಿತು. ಹನ್ನೊಂದನೆಯ ದಿನ, ಬಿಡಾರದಲ್ಲಿ ಮೀನಿಗೆ ಉಪ್ಪು ಹಚ್ಚುತ್ತಿದ್ದ ಜಿಯ್ವಾರ್‌ಗೆ ಎಂಟು ತಿಂಗಳಿಗೇ ನೋವು ಬಂತು. ಅವಳನ್ನು ಕೂರಿಸಿಕೊಂಡು ಊರಿನ ಕಡೆ ಹೊರಟ. ಊರಿಗೆ ಹದಿನೆಂಟು ಕಿಲೋಮೀಟರು ಇದೆ ಅನ್ನುವಾಗ ನೀಲಿ ಹೊಗೆ ಕಾರಿ ಇಂಜಿನ್ ನಿಂತಿತು. ಧೂಳು ಪಿಸ್ಟನ್ ರಿಂಗುಗಳನ್ನು ಸಾಣೆ ಹಿಡಿದು ತಿಂದುಹಾಕಿತ್ತು. ಸುಡುವ ಮಧ್ಯಾಹ್ನದಲ್ಲಿ ಅವಳು ಅವನ ಹೆಗಲು ಹಿಡಿದು ನಡೆದಳು, ಕೂತಳು, ಮತ್ತೆ ನಡೆದಳು. ಒಂಟೆ ಗಾಡಿಯೊಂದು ಎದುರಾಗುವ ಹೊತ್ತಿಗೆ ಹೆರಿಗೆ ಆಗಿಹೋಗಿತ್ತು. ಹೆಣ್ಣು ಮಗು. ಅಳಲಿಲ್ಲ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಇಂಜಿನ್ ಹಳೇದಾಗಿತ್ತು ಎಂದು ಅವನು ಎಲ್ಲರಿಗೂ ಹೇಳಿದ. ಜಿಯ್ವಾರ್ ಏನನ್ನೂ ಕೇಳಲಿಲ್ಲ, ಬಿಡಾರದಲ್ಲಿ ಆಡಿದ ಮಾತು ಅವಳ ಕಿವಿಗೆ ಬಿದ್ದಿಲ್ಲವೆಂದೇ ಅವನು ತಿಳಿದ. ನಲವತ್ತೈದು ವರ್ಷ ಅವನು ಊರಿಗೆಲ್ಲ ಫಿಲ್ಟರ್ ಆರಿಸಿಕೊಟ್ಟ, ಹೆಂಡತಿಗೆ ಆ ಒಂದು ಮಾತು ಹೇಳಲಿಲ್ಲ. ಹೇಡಿ ಅನ್ನಿ ಬೇಕಾದರೆ. ಅವನೇ ತನ್ನನ್ನು ಹಾಗೆ ಕರೆದುಕೊಂಡಿದ್ದ, ಪ್ರತಿ ವಸಂತದಲ್ಲೂ, ಸೀಮೆಎಣ್ಣೆಯಲ್ಲಿ ಕೈಯಾಡಿಸುತ್ತ.

ಅಷ್ಟರಲ್ಲಿ ಜಿಯ್ವಾರ್ ಹಾಲು ಹಾಕಿದ ಚಹಾ, ಜೋಳದ ರೊಟ್ಟಿ ಹಿಡಿದು ಶೆಡ್ಡಿಗೆ ಬಂದಳು. ಸಾಪುರಾಳ ಪಕ್ಕ ಕೂತು ಬಟ್ಟಲು ಕೊಟ್ಟಳು.

“ಡೇರೆಗಳಲ್ಲಿ ಹೆಂಗಸರಿದಾರೇನೆ?”

“ಹನ್ನೆರಡು ಜನ, ಅಪಾ. ಇಬ್ಬರು ಬಸುರಿಯರು. ಒಬ್ಬಳಿಗೆ ತಿಂಗಳು ತುಂಬಿದೆ, ಇನ್ನೊಬ್ಬಳಿಗೆ ಎಂಟು. ಬನ್ರೇ ಊರಿಗೆ ಅಂದ್ರೆ ಬರಲ್ಲ. ಕೂಲಿ ಹೋಗುತ್ತಂತೆ.”

ಜಿಯ್ವಾರ್ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತೊರೆಮುರಾತ್ ಮೊಳೆಯತ್ತ ನೋಡಿದ, ಹೆಂಡತಿಯತ್ತ ನೋಡಿದ. ಫಿಲ್ಟರ್ ಇಳಿಸಿ ಕೊಟ್ಟರೆ ಯಾಕೆ ಕೊಟ್ಟೆ ಅನ್ನುತ್ತಾಳೆ. ಕೊಡದಿದ್ದರೆ ಇನ್ನೊಂದು ವ್ಯಾನು ದಾರಿಯಲ್ಲಿ ನಿಲ್ಲುತ್ತದೆ.

“ಮುದುಕಿ,” ಎಂದ. “ಅವತ್ತು ಇಂಜಿನ್ ಹಳೇದಾಗಿರಲಿಲ್ಲ. ಈ ಫಿಲ್ಟರ್ ಇಲ್ಲೇ ತೂಗ್ತಾ ಇತ್ತು. ನಾನೇ ಬಿಚ್ಚಿಟ್ಟಿದ್ದೆ. ನನ್ನ ಕೈಯಾರೆ.”

ಸಾಪುರಾಗೆ ಏನೆಂದು ತಿಳಿಯಲಿಲ್ಲ. ಆದರೂ ತಲೆ ತಗ್ಗಿಸಿದಳು.

ಜಿಯ್ವಾರ್ ಎದ್ದು ಅವನ ಬಳಿ ಬಂದಳು. “ನನಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ, ಮುದುಕಪ್ಪಾ?” ಎಂದಳು. “ಕಡಲ ಗಾಳಿಗೆ ಜರಡಿ ಯಾಕೆ ಅಂದೆಯಲ್ಲ ಬಿಡಾರದಲ್ಲಿ. ಆ ಮಾತಿಗೆ ಮೊದಲು ನಕ್ಕವಳು ನಾನೇ. ಎಷ್ಟು ಬುದ್ಧಿವಂತ ನನ್ನ ಗಂಡ ಅಂತ, ಹೊಟ್ಟೆ ಹಿಡಕೊಂಡು ನಕ್ಕೆ. ಆ ಹೊಟ್ಟೆನೇ ಹಿಡಕೊಂಡು.”

“ಗೊತ್ತಿತ್ತಾ? ಹಾಗಾದ್ರೆ ಯಾಕೆ ಒಂದು ಮಾತೂ ಬೈಲಿಲ್ಲ?”

“ಯಾವ ಬಾಯಲ್ಲಿ ಬೈಯಲಿ? ನೀನು ವರ್ಷ ವರ್ಷ ಅದನ್ನ ತೊಳೀತಿದ್ದೆ. ನಾನು ಬಾಗಿಲ ಸಂದಿಯಿಂದ ನೋಡ್ತಿದ್ದೆ. ನೀನು ಹೇಳಲಿ ಅಂತ ನಾನು, ನಾನು ಕೇಳಲಿ ಅಂತ ನೀನು. ಹೀಗೇ ಮುದುಕರಾದ್ವಿ.”

ತೊರೆಮುರಾತ್ ಎಣ್ಣೆ ಮೆತ್ತಿದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ಜಿಯ್ವಾರ್ ಸಮಾಧಾನ ಹೇಳಲಿಲ್ಲ. ಪೀಪಾಯಿಯ ಮೇಲೆ ಹತ್ತಿ ಫಿಲ್ಟರನ್ನು ಮೊಳೆಯಿಂದ ಇಳಿಸಿ ಸಾಪುರಾಳ ಮಡಿಲಿಗೆ ಇಟ್ಟಳು.

“ತಗೊಳ್ಳೇ. ದಿನಾ ತೊಳಿ. ಬೇಜಾರು ಮಾಡ್ಕೋಬೇಡ. ಗಾಡಿ ಓಡಲ್ಲ ಅಂತ ಯಾರಾದ್ರೂ ನಕ್ಕರೆ ನಗಲಿ.”

ತೊರೆಮುರಾತ್ ಮುಖ ತೊಳೆದು ಬಂದು ಕೆಲಸಕ್ಕೆ ಕೂತ. ಹಳೆಯ ಇಂಜಿನ್ ಆಯಿಲ್ ಬಸಿದು ಹೊಸದು ತುಂಬಿದ. ಫಿಲ್ಟರಿನ ಬಟ್ಟಲಿಗೆ ಗೆರೆಯ ತನಕ ಎಣ್ಣೆ ಸುರಿದ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಾರ್ಬುರೇಟರಿನ ಮೇಲೆ ಅದು ನಿನ್ನೆ ಬಿಚ್ಚಿದಂತೆ ಸರಿಯಾಗಿ ಕೂತಿತು. ತೊಳೆಯುವುದು ಹೇಗೆಂದು ಸಾಪುರಾಳಿಂದ ಮೂರು ಸಲ ಮಾಡಿಸಿ ನೋಡಿದ. ಅವಳು ನಾಲ್ಕನೆಯ ಸಲಕ್ಕೆ, “ಅಗಾ, ಮಗು ತೊಳೆಯೋಳು ನಾನು, ಇದೇನು ಮಹಾ,” ಎಂದಳು.

ಹೊರಡುವ ಮುಂಚೆ ಜಿಯ್ವಾರ್ ಒಂದು ಇಡೀ ರೊಟ್ಟಿ ಅವಳ ಬಾಯಿಗೆ ಹಿಡಿದಳು. ದೂರ ಹೊರಟವರು ಒಂದು ತುತ್ತು ಕಚ್ಚಿ ಹೋಗಬೇಕು, ನಮ್ಮಲ್ಲಿ ಹಾಗೆ. ಉಳಿದದ್ದು ಗೋಡೆಯ ಮೇಲೆ ತೂಗುತ್ತ ಕಾಯುತ್ತದೆ, ಕಚ್ಚಿದವರೇ ಬಂದು ತಿನ್ನಬೇಕು. ಸಾಪುರಾ ಕಚ್ಚಿದಳು. ಮುದುಕರಿಬ್ಬರೂ ಅಂಗೈ ಎತ್ತಿ ಹರಸಿ, ಕೈಯನ್ನು ಮುಖಕ್ಕೆ ಸವರಿಕೊಂಡರು. ವ್ಯಾನು ಕಣ್ಮರೆಯಾದ ಮೇಲೆ ಜಿಯ್ವಾರ್ ಆ ರೊಟ್ಟಿಗೆ ದಾರ ಕಟ್ಟಿ, ಬರಿದಾಗಿದ್ದ ದಪ್ಪ ಮೊಳೆಗೆ ನೇತುಹಾಕಿದಳು.

ಎಂಟು ದಿನವೂ ಗಾಳಿ ಬೀಸಿತು. ಐದನೆಯ ದಿನ ಆಕಾಶವೇ ಬೆಳ್ಳಗಾಗಿ ಎದುರು ಮನೆ ಕಾಣದಾಯಿತು. ತೊರೆಮುರಾತ್ ಉಂಡದ್ದು ಅಷ್ಟಕ್ಕಷ್ಟೆ. ಒಂಬತ್ತನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಕೂತಿದ್ದವನು ಥಟ್ಟನೆ ಕೈಯೆತ್ತಿ, “ಸುಮ್ನಿರು,” ಎಂದ. ಜಿಯ್ವಾರ್ ಸುಮ್ಮನೇ ಇದ್ದಳು. ದೂರದಲ್ಲಿ ವ್ಯಾನಿನ ಸದ್ದು. ಕೆಮ್ಮಿಲ್ಲ, ಏದುಸಿರಿಲ್ಲ.

ಸಾಪುರಾ ಇಳಿದಳು. ರೆಪ್ಪೆಯ ಮೇಲೆಲ್ಲ ಉಪ್ಪು. “ಐದನೇ ದಿನ ಎಂಟು ತಿಂಗಳವಳಿಗೆ ನೋವು ಬಂತು,” ಎಂದಳು. “ಆ ಗಾಳೀಲೇ ರಾತ್ರಿ ಕರ್ಕೊಂಡು ಬಂದು ಆಸ್ಪತ್ರೆಗೆ ಸೇರಿಸಿ, ಬೆಳಗಾಗೋದ್ರೊಳಗೆ ಮತ್ತೆ ಹೋದೆ. ಎಲ್ಲೂ ನಿಲ್ಲಲಿಲ್ಲ ಅಗಾ.”

ತೊರೆಮುರಾತ್ ಫಿಲ್ಟರ್ ಬಿಚ್ಚಿ ಬಟ್ಟಲನ್ನು ತಟ್ಟೆಗೆ ಬೋರಲು ಹಾಕಿದ. ಒಂದೇ ದಿನದ ಕೆಸರು, ಎರಡು ಬೆರಳು ದಪ್ಪ. ಜಿಯ್ವಾರ್ ಬಗ್ಗಿ ಅದನ್ನು ಬೆರಳಲ್ಲಿ ತೀಡಿ ನೋಡಿದಳು.

“ಅವತ್ತು ಇಷ್ಟನ್ನ ಇಂಜಿನ್ ತಿಂದಿತ್ತಾ?”

“ಇಷ್ಟನ್ನ. ಹತ್ತು ದಿನ.”

ಅವಳು ಬೆರಳನ್ನು ತಲೆವಸ್ತ್ರದ ಅಂಚಿಗೆ ಒರೆಸಿಕೊಂಡಳು. ಅವನು ಫಿಲ್ಟರ್ ತೊಳೆದು, ಅಭ್ಯಾಸದಂತೆ ಗೋಡೆಯತ್ತ ನಡೆದ. ಜಿಯ್ವಾರ್ ಮೊಳೆಯಿಂದ ರೊಟ್ಟಿ ಇಳಿಸಿ ಸಾಪುರಾಳ ಕೈಗೆ ಕೊಡುತ್ತಿದ್ದಳು.

“ಅದನ್ನ ಗಾಡಿಗೇ ಹಾಕು,” ಎಂದಳು ಹಿಂದೆ ತಿರುಗದೆ. “ಈ ಮೊಳೆ ಇನ್ನು ರೊಟ್ಟಿಗೆ.”