ತುಂಡಾಗದ ಗೆರೆಗಳು

ಕಕ್ಕಸು ಗುಂಡಿ ತೋಡುವುದೇ ಕಸುಬಾಗಿದ್ದ ಆ ಹೆಂಗಸನ್ನು ಬೀದಿಯವರು ಕೆಂಡಕ್ಕ ಎನ್ನುತ್ತಿದ್ದರು. ಮುಟ್ಟಿದರೂ ಸುಡುತ್ತಿದ್ದಳು, ಮುಟ್ಟದಿದ್ದರೂ ಸುಡುತ್ತಿದ್ದಳು. ಪಕ್ಕದ ಮನೆಯಲ್ಲೇ ಇದ್ದ ದರ್ಜಿ ಅವಳ ಒಡಹುಟ್ಟಿದ ತಮ್ಮ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಜಗಳವೆಲ್ಲ ಎರಡು ಮನೆಗಳ ನಡುವಿನ ಜಾಗದ್ದು. ತಾನು ಹಿಂದೆ ತೋಡಿ ಮುಚ್ಚಿದ ಗುಂಡಿಯವರೆಗೆ ಮಗಳಿಗೆ, ಅದರಾಚೆ ಮಗನಿಗೆ ಎಂದು ಹೇಳಿ ಅಪ್ಪ ಕಣ್ಣು ಮುಚ್ಚಿದ್ದ. ಗುಂಡಿ ಎಲ್ಲಿತ್ತೆಂದು ಹೇಳಲು ಉಸಿರು ಉಳಿದಿರಲಿಲ್ಲ. ತಮ್ಮನ ಬಾಗಿಲ ಹತ್ತಿರವೇ ಇತ್ತು ಎಂದು ಇವಳು, ಅಕ್ಕನ ಗೋಡೆಗೇ ತಾಗಿತ್ತು ಎಂದು ಅವನು. ಹೊಲಿಗೆ ಕೋಣೆ ಕಟ್ಟಲು ಅವನು ಇಟ್ಟಿಗೆ ಇಳಿಸಿದ ದಿನ ಕೆಂಡಕ್ಕ ಹಾರೆ ಸನಿಕೆ ಹಿಡಿದು ಬಂದು, ಅಪ್ಪನ ಗುಂಡಿ ತೋರಿಸಿಯೇ ಬಿಡುತ್ತೇನೆಂದು ಅವನ ಬಾಗಿಲೆದುರೇ ಅಗೆಯತೊಡಗಿದಳು.

ಅಲ್ಲಿಯದು ಮರಳು ನೆಲ. ಮಳೆನೀರು ಇಳಿಯುವಾಗ ಮೇಲ್ಮಣ್ಣಿನ ನುಣ್ಣನೆಯ ಕೆಂಪು ಜೇಡಿಯನ್ನೂ ಜೊತೆಗೆ ಒಯ್ಯುತ್ತದೆ. ನೀರು ಇಂಗಿ ನಿಂತಲ್ಲಿ ಜೇಡಿ ಮರಳಿಗೆ ಅಂಟಿ ಕೂರುತ್ತದೆ, ಮುಂದಿನ ಮಳೆಯ ಜೇಡಿಯೂ ಅಲ್ಲೇ ತಡೆಯುತ್ತದೆ. ತಲೆತಲಾಂತರ ಹೀಗೆ ಕಳೆದರೆ ಬಿಳಿ ಮರಳಿನೊಳಗೆ ಕೆಂಪು ಗೆರೆಗಳು, ಒಂದರ ಕೆಳಗೊಂದು. ಒಮ್ಮೆ ಅಗೆದು ಮುಚ್ಚಿದಲ್ಲಿ ಮಾತ್ರ ಗೆರೆ ತುಂಡಾಗಿರುತ್ತದೆ. ಒಂದು ಜೀವಮಾನದಲ್ಲಿ ಅದು ಮತ್ತೆ ಕೂಡುವುದಿಲ್ಲ.

ಎದೆಮಟ್ಟ ಇಳಿದು, ಗುಂಡಿಯ ಗೋಡೆಯನ್ನು ಸನಿಕೆಯಿಂದ ಸವರಿ ನೋಡಿದಳು. ನಾಲ್ಕು ಕಡೆಯೂ ಗೆರೆಗಳು ಇಡಿಯಾಗಿದ್ದವು. ಅಪ್ಪನ ಹಾರೆ ಅಲ್ಲಿ ಬಿದ್ದೇ ಇರಲಿಲ್ಲ. ಇಷ್ಟು ವರ್ಷ ಊರೆಲ್ಲ ಕೇಳುವಂತೆ ಕೂಗಿದ್ದು ಸುಳ್ಳಾಗಿತ್ತು.

ಮಣ್ಣು ಮುಟ್ಟಿ ಗೊತ್ತಿಲ್ಲದ ತಮ್ಮ ಅಂಚಿನಲ್ಲಿ ಬಗ್ಗಿ ನಿಂತಿದ್ದ. ಅವನಿಗೆ ಕಂಡದ್ದು ಬರೀ ಹೊಂಡ.

"ಏನಾಯ್ತಕ್ಕ?"

"ಗೆರೆ ತುಂಡಾಗಿದೆ. ಗುಂಡಿ ಇಲ್ಲೇ ಇತ್ತು. ಬಾಯಿ ಮುಚ್ಕೊಂಡು ನಿನ್ನ ಇಟ್ಟಿಗೆ ತೆಗಿ."

ಟೊಂಕ ಕಟ್ಟಿ ನಿಂತಿದ್ದ ತಮ್ಮನ ಹೆಂಡತಿ, ಇವಳ ಮಾತನ್ನು ನಾಯಿಯೂ ನಂಬದು ಎಂದು ಬಾಗಿಲಿಂದಲೇ ಕೂಗಾಡಿದಳು. ಅವನು ಹೆಂಡತಿಯನ್ನು ಗದರಿದ.

"ಅಕ್ಕ ನನ್ನ ಹೆಣ ಬೀಳ್ಲಿ ಅಂತಾಳೆ, ನಿಜ. ಆದ್ರೆ ಮಣ್ಣಿನ ವಿಷಯದಲ್ಲಿ ಸುಳ್ಳು ಹೇಳೋಳಲ್ಲ."

ಅಷ್ಟು ಹೇಳಿ ಇಟ್ಟಿಗೆ ಹೊರತೊಡಗಿದ.

ಕೆಂಡಕ್ಕನಿಗೆ ಅವನ ಮೇಲೆ ಹಿಂದೆಂದೂ ಇಲ್ಲದಷ್ಟು ಸಿಟ್ಟು ಬಂತು. ಬೈದಿದ್ದರೆ ಜೀರ್ಣಿಸಿಕೊಳ್ಳುತ್ತಿದ್ದಳು. ಮೇಲೆ ಹತ್ತಿ, ಅವನ ಮುಖ ನೋಡದೆ, ಮರಳನ್ನೂ ಜೇಡಿಯನ್ನೂ ಕಲಸಿ ಗುಂಡಿ ಮುಚ್ಚಿದಳು. ಇನ್ನು ಅಲ್ಲಿ ಯಾರು ಅಗೆದು ನೋಡಿದರೂ ಅವಳ ಮಾತೇ ನಿಜವಾಗಿ ಸಿಗುತ್ತದೆ.