ವಾಚಮನ್ ಮುರಿಗೆಪ್ಪನ ಹೊಸ್ತಿಲು

ಮುಂಬಯಿಯ ವಡಾಲದ ಆ ಬಿಲ್ಡಿಂಗಿನಲ್ಲಿ ಕಸ-ಮುಸುರೆ ಮಾಡುವ ಹೆಂಗಸರಿಗೆ ಮುರಿಗೆಪ್ಪನ ಹೆಸರೆತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಏನು ಮಾಡೀತು? ಕೆಲಸ ಮುಗಿಸಿ ಲೋಕಲ್ ರೈಲು ಹಿಡಿಯಲು ಓಡುವ ಹೊತ್ತಿಗೆ ಈ ಮಹಾನುಭಾವ ಗೇಟಿನಲ್ಲಿ ಬೆಂಚು ಅಡ್ಡ ಹಾಕಿಕೊಂಡು ಕೂತಿರುತ್ತಿದ್ದ. ಒಬ್ಬೊಬ್ಬಳ ಚೀಲವನ್ನೂ ಬಿಚ್ಚಿಸಿ, ಎಲೆ-ಅಡಿಕೆ ಸಂಚಿಯನ್ನೂ ಬಿಡದೆ ಕೈ ಹಾಕಿ ನೋಡುತ್ತಿದ್ದ. ಯಾರೋ ಪುಣ್ಯಾತ್ಗಿತ್ತಿ ಕೊಟ್ಟ ಹಳೇ ಸೀರೆ ಸಿಕ್ಕಿತೋ, ಮುಗಿಯಿತು. ಮೇಲೆ ಫೋನು ಹಚ್ಚಿ, ಕೊಟ್ಟದ್ದು ಹೌದೋ ಅಲ್ಲವೋ ಎಂದು ಕೇಳಿಯೇ ಬಿಡಬೇಕು. ಬಿಲ್ಡಿಂಗಿನ ಸೊಸೈಟಿಯ ಕಾನೂನು ಹಾಗಿತ್ತು, ನಿಜ. ಆದರೆ ಉಳಿದ ವಾಚಮನ್‌ಗಳು ಸುಮ್ಮನೆ ಕಣ್ಣಾಡಿಸಿ ಬಿಡುತ್ತಿದ್ದರು. ಮುರಿಗೆಪ್ಪ ಮಾತ್ರ ಕಾನೂನು ಮಾಡಿದವರಿಗಿಂತ ಒಂದು ಕೈ ಮೇಲೆ.

ಇಂಡಿ ಕಡೆಯ ಹಳ್ಳಿಯಿಂದ ಬಂದವನು. ಧಾರಾವಿಯಲ್ಲಿ ಚರ್ಮದ ಮೂಟೆ ಹೊತ್ತ, ಕುರ್ಲಾದಲ್ಲಿ ಸಿಮೆಂಟು ಹೊತ್ತ, ಬೆನ್ನು ಕೈಕೊಟ್ಟ ಮೇಲೆ ಈ ನೀಲಿ ಅಂಗಿ ಸಿಕ್ಕಿತು. ಹುಟ್ಟಿದಾರಭ್ಯ ಮಂದಿಯ ಮುಂದೆ ನಿಂತು ಕಾದವನ ಮುಂದೆ ಈಗ ಮಂದಿ ನಿಂತು ಕಾಯುತ್ತಿದ್ದರು. ಅದು ತಲೆಗೇರದೆ ಇದ್ದೀತೆ? ತನ್ನ ಗೇಟಿನಿಂದ ಒಂದು ಚಮಚ ಹೊರಗೆ ಹೋಗಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅವನ ಹೆಂಡತಿ ದಾನವ್ವ ಧಾರಾವಿಯ ಒಂದು ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಅದು ಬಾಗಿಲು ಹಾಕಿತು. ಮುರಿಗೆಪ್ಪನೇ ಹೇಳಿ, ತನ್ನ ಬಿಲ್ಡಿಂಗಿನ ಹದಿನಾಲ್ಕನೇ ಮಹಡಿಯಲ್ಲಿ ಅವಳಿಗೆ ಮನೆಗೆಲಸ ಹಚ್ಚಿದ. ನಿಮ್ಮ ಗೇಟಿನಾಗ ಮಾತ್ರ ಬ್ಯಾಡ್ರೀ ಎಂದು ಅವಳು ಬೇಡಿಕೊಂಡಳು. ನಾನೇನು ಹುಲಿಯೇ ಎಂದು ಇವನು ನಕ್ಕ. ಹೋದಳು. ಆದರೆ ಜಾಣೆ, ಚೀಲ ಮಾತ್ರ ಒಯ್ಯುತ್ತಿರಲಿಲ್ಲ. ಇದ್ದ ಚಿಲ್ಲರೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಹೋಗುತ್ತಿದ್ದಳು.

ಯುಗಾದಿಯ ಮಾರನೇ ದಿನ ಮಾತ್ರ ಅವಳ ತೋಳಿನಲ್ಲಿ ಒಂದು ಕೈಚೀಲ ತೂಗುತ್ತಿತ್ತು. ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದವಳು ಇಂದ್ರಾಬಾಯಿ. ಅವಳೂ ವಿಜಯಪುರದ ಕಡೆಯವಳೇ, ನಾಲಿಗೆ ಹರಿತ, ಮುರಿಗೆಪ್ಪನಿಂದ ಅದೆಷ್ಟೋ ಸಲ ಚೀಲ ಬಿಚ್ಚಿಸಿಕೊಂಡವಳು. ಎಲ್ಲರಿಗೂ ಕೇಳುವಂತೆ ಅಂದಳು:

"ನೋಡೂಣು ತಡೀರಿ. ನಮ್ಮ ಚೀಲಾ ಅಷ್ಟ ಬಿಚ್ಚಸ್ತಾನೋ, ಹೆಂಡ್ತೀದೂ ಬಿಚ್ಚಸ್ತಾನೋ!"

ಅವನು ನಕ್ಕು ಬಿಟ್ಟಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಬಿಡುವ ಜಾತಿಯೇ ಅದು? ಉಳಿದವರ ಚೀಲದಲ್ಲಿ ಕೈ ಹಾಕುವವನು ಹೆಂಡತಿಯ ಚೀಲವನ್ನು ಬೆಂಚಿನ ಮೇಲೆ ಬೋರಲು ಹಾಕಿದ. ಬಾಚಣಿಗೆ ಬಿತ್ತು, ಸಕ್ಕರೆ ಕಾಯಿಲೆಯ ಮಾತ್ರೆ ಬಿತ್ತು, ಕೈ ಒರೆಸುವ ಹರಕು ಬಟ್ಟೆ ಬಿತ್ತು. ಕೊನೆಗೆ ಅವಳ ತವರಿನ ಸ್ಟೀಲ್ ಡಬ್ಬಿ. ತೆರೆದ. ಒಳಗೆ ಎರಡು ಹೋಳಿಗೆ.

ಹದಿನಾಲ್ಕನೇ ಮಹಡಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳಲಿ ಎಂದು ದನಿ ದೊಡ್ಡದು ಮಾಡಿಯೂ ಇಟ್ಟ. ಅರೆನಿದ್ದೆಯಲ್ಲಿದ್ದ ಆ ಮನೆಯ ಯಜಮಾನಿ ಹಿಂದಿಯಲ್ಲಿ ಸಿಡುಕಿದಳು: ನಿನ್ನೆಯದು ಉಳಿದಿತ್ತು, ಇಲ್ಲೇ ತಿಂದು ಹೋಗು ಅಂದಿದ್ದೆ, ಕಟ್ಟಿಕೊಂಡು ಹೋಗಲು ಹೇಳಿದವರು ಯಾರು?

ನಗಲು ಕಾದಿದ್ದ ಹೆಂಗಸರು ಯಾರೂ ನಗಲಿಲ್ಲ. ಇಂದ್ರಾಬಾಯಿ ಕೂಡ ಮುಖ ಆ ಕಡೆ ತಿರುಗಿಸಿದಳು. ದಾನವ್ವ ಡಬ್ಬಿ ಎತ್ತಿಕೊಂಡು ಮತ್ತೆ ಲಿಫ್ಟು ಹತ್ತಿದಳು. ಹೋಳಿಗೆ ಅಲ್ಲಿಟ್ಟು ಕೆಳಗಿಳಿದು ಬಂದು, ಖಾಲಿ ಡಬ್ಬಿಯನ್ನು ಗಂಡನ ಮುಂದೆ ತೆರೆದು ಹಿಡಿದಳು. ಅವನು ನೋಡಿ, ಹೋಗು ಎಂದು ಕೈ ಮಾಡಿದ.

ಸೊಸೈಟಿಯ ಸೆಕ್ರೆಟರಿ ಬೆನ್ನು ತಟ್ಟಿಯಾನು ಎಂದು ಮುರಿಗೆಪ್ಪ ಒಳಗೊಳಗೇ ಕಾದಿದ್ದ. ಸುದ್ದಿ ಕೇಳಿದ ಸೆಕ್ರೆಟರಿ, ಗಂಡ ಹೆಂಡತಿ ಒಂದೇ ಕಡೆ ಇದ್ದರೆ ಇದೇ ತಲೆನೋವು, ನಾಳೆಯಿಂದ ಅವಳು ಬರುವುದು ಬೇಡ ಅಂದ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ. ಇವನು ಮನೆಗಂತೂ ಮಾರಿಯಾದ, ಊರಿಗೆ ಉಪಕಾರಿಯೂ ಆಗಲಿಲ್ಲ.

ಆ ಸಂಜೆ ಕುರ್ಲಾದ ಚಾಳಿನ ತಮ್ಮ ಮನೆಯಲ್ಲಿ ಅವನು ಬನಿಯನ್ನಿನಲ್ಲಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ದಾನವ್ವ ಸಂತೆ ಮುಗಿಸಿ ಬಂದಳು. ಹೊಸ್ತಿಲ ಹೊರಗೇ ನಿಂತು, ಚೀಲವನ್ನು ಅವನ ಕಾಲ ಬಳಿ ಸುರಿದಳು. ಉಳ್ಳಾಗಡ್ಡಿ ಉರುಳಿದವು, ಕೊತ್ತಂಬರಿ ಸೂಡು ಬಿತ್ತು.

"ನೋಡ್ರಿ ವಾಚಮನ್ ಸಾಹೇಬ್ರ. ಒಳಗ ಹೋಗ್ಲೇನ್ರಿ?"

ತಲಿ ಕೆಟ್ಟದೇನು ನಿಂದು ಎಂದು ರೇಗಿದ. ಅವಳು ದನಿ ಏರಿಸಲಿಲ್ಲ.

"ಹೋಳಿಗಿ ನಿಮಗಂತ ಕಟಗೊಂಡಿದ್ದೆ. ನಾ ಒಂದು ಚೂರೂ ಬಾಯಾಗ ಇಟ್ಟಿದ್ದಿಲ್ಲ."

ಡ್ಯೂಟಿ ಅಂದರೆ ಡ್ಯೂಟಿ ಎಂದ. ಹೌದಲ್ಲ, ಇದೂ ಡ್ಯೂಟೀನೇ ಎಂದು ಅವಳು ಅಲ್ಲೇ ನಿಂತಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಮೂಡಿದವು. ಕೊನೆಗೆ ಅವನು ಹಲ್ಲು ಕಡಿದು ಹೋಗು ಎಂದ ಮೇಲೆಯೇ ಒಳಗೆ ಬಂದಳು.

ಅಂದಿನಿಂದ ದಿನಾ ಅದೇ. ಮಾಟುಂಗಾದಲ್ಲಿ ಮಹಾದೇವಿ ಎಂಬವಳ ಖಾನಾವಳಿಯಲ್ಲಿ ದಾನವ್ವನಿಗೆ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಅಲ್ಲಿ ಚೀಲ ಕೇಳುವವರಿಲ್ಲ. ಅವಳ ಚೀಲ ಬಿಚ್ಚುವುದು ಅವಳದೇ ಮನೆಯ ಹೊಸ್ತಿಲಲ್ಲಿ ಮಾತ್ರ. ಹಾಗಂತ ಸಂಸಾರಕ್ಕೆ ಏನೂ ಕೊರತೆ ಮಾಡಲಿಲ್ಲ. ರೊಟ್ಟಿ ಬಡಿದಳು, ನೀಲಿ ಅಂಗಿ ಒಗೆದಳು, ಬಿದ್ದ ಗುಂಡಿ ಹಚ್ಚಿದಳು. ಒಮ್ಮೆ ಅವನು ಸಿಟ್ಟಿಗೆ ತಾಟು ಬೀಸಿ ಒಗೆದರೆ, ಆರಿಸಿ ತೊಳೆದಿಟ್ಟಳು. ಒಮ್ಮೆ ಬೇಕಂತಲೇ ಚಹಾದಂಗಡಿಯಲ್ಲಿ ಹೊತ್ತು ಕಳೆದು ಬಂದ. ಚೀಲ ಹಿಡಿದು ಬಾಗಿಲ ಹೊರಗೇ ನಿಂತಿದ್ದಳು, ಬಾಗಿಲು ತೆರೆದೇ ಇತ್ತು.

ಕಾಲೇಜಿಗೆ ಹೋಗುವ ಮಗಳು ಶೀತಲ ಇಬ್ಬರ ನಡುವೆ ಸೋತುಹೋದಳು. "ಅಪ್ಪಾ, ಏಕ್ ಬಾರ್ ಸಾರಿ ಅಂದ್ಬಿಡು ನಾ. ಖತಮ್ ಕರೋ," ಎಂದು ಗೋಗರೆದಳು.

"ಸಾರಿ ಅನ್ನಾಕ ನಾ ಏನ್ ಕಳವು ಮಾಡೀನೇನು?"

ಜಟ್ಟಿ ಕೆಳಗೆ ಬಿದ್ದರೂ ಮೀಸೆಗೆ ಮಣ್ಣು ಹತ್ತಬಾರದಲ್ಲ. ಆದರೆ ಒಳಗಿನ ಮಾತು ಬೇರೆ ಇತ್ತು. ಮೊದಲೆಲ್ಲ ದಾನವ್ವ ಮೆಟ್ಟಿಲ ಮೇಲಿಂದಲೇ 'ರೀ, ಬಂದೀರೇನು?' ಎಂದು ಕೂಗುತ್ತ ಸೀದಾ ಒಳಗೆ ಬರುತ್ತಿದ್ದಳು. ಆ ಒಂದು ಕೂಗಿಗಾಗಿ ಅವನ ಜೀವ ಹಂಬಲಿಸುತ್ತಿತ್ತು. ರಾತ್ರಿ ಮಗ್ಗುಲು ಬದಲಿಸುವಾಗೆಲ್ಲ ಅದೇ ಕೊರಗು. ಹೆಂಡತಿ ಹೆಂಡತಿಯಾಗಿ ಮನೆಯೊಳಗೆ ಬಂದರೆ ಸಾಕು ಅನಿಸುತ್ತಿತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಕತ್ತೆ.

ಮಳೆಗಾಲ ಬಂತು. ಮೊದಮೊದಲು ಚೀಲದ ಕಡೆ ನೋಡದೆಯೇ ಹೋಗು ಅನ್ನುತ್ತಿದ್ದವನು, ಬರಬರುತ್ತ ಕಣ್ಣು ಹಾಯಿಸತೊಡಗಿದ. ಆಮೇಲೆ ಒಂದು ದಿನ ಬದನೆಕಾಯಿಗಳನ್ನು ಬೆರಳಿನಿಂದ ಸರಿಸಿ, ಅಡಿಯಲ್ಲಿ ಏನಿದೆ ಎಂದೂ ನೋಡಿದ. ಅವನಿಗೆ ಅದರ ಅರಿವೂ ಆಗಲಿಲ್ಲ. ದಾನವ್ವನಿಗೆ ಆಯಿತು.

ಶ್ರಾವಣದ ಕಡೆಯ ಸೋಮವಾರ ಮಹಾದೇವಿ ಖಾನಾವಳಿಯ ಎಲ್ಲರ ಎದುರಿಗೇ ಎರಡು ಬಿಸಿ ಹೋಳಿಗೆಗೆ ತುಪ್ಪ ಸವರಿ, ಮನಿಗೆ ಒಯ್ಯಿ ಎಂದು ದಾನವ್ವನ ಡಬ್ಬಿಗೆ ಹಾಕಿದಳು. ಹಿಂದಿನ ದಿನವಷ್ಟೇ ಶೀತಲ, ಸಾಕು ಮಾಡವ್ವಾ ಎಂದು ಅತ್ತಿದ್ದಳು. ಲೋಕಲ್‌ನಲ್ಲಿ ಕುರ್ಲಾ ಮುಟ್ಟುವಷ್ಟರಲ್ಲಿ ದಾನವ್ವನ ಮನಸ್ಸು ಕರಗಿತ್ತು. ಇಷ್ಟು ದಿನ ಹಟ ಹಿಡಿದದ್ದಾಯಿತು, ಮುಪ್ಪಿನಲ್ಲಿ ಇನ್ನೆಷ್ಟು ಅಂದುಕೊಂಡಳು.

ಮುರಿಗೆಪ್ಪ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಅದೇ ಸ್ಟೂಲಿನ ಮೇಲೆ ಕೂತಿದ್ದ.

"ರೀ, ಬಂದೀರೇನು?"

ಮೆಟ್ಟಿಲ ಮೇಲಿಂದ ಬಂತು ಕೂಗು. ಅವನ ಎದೆ ಅರಳಿತು. ಕಣ್ಣು ತೇವವಾಯಿತು. ದಾನವ್ವ ಚಪ್ಪಲಿ ಬಿಟ್ಟಳು, ನಿಲ್ಲಲಿಲ್ಲ, ಚೀಲವನ್ನು ತೋಳಿಗೇರಿಸಿಕೊಂಡೇ ಹೊಸ್ತಿಲಾಚೆ ಬಲಗಾಲಿಟ್ಟಳು.

ಎದೆ ಏನು ಹೇಳಿದರೇನು, ಬಾಯಿಗೆ ವರ್ಷಗಟ್ಟಲೆಯ ಚಟ.

"ಏ, ಚೀಲ ತೋರ್ಸು."

ಒಳಗೆ ಶೀತಲ ಹಣೆ ಚಚ್ಚಿಕೊಂಡಳು. ಅಲ್ಲ, ಹಂಗಲ್ಲ, ನಾ ಏನೋ ಅನ್ನಾಕ ಹೋಗಿ ಎಂದು ಮುರಿಗೆಪ್ಪ ತಡವರಿಸುತ್ತ ಎದ್ದು ನಿಂತ. ಆಗಲೇ ದಾನವ್ವನ ಕಾಲು ಹಿಂದೆ ಸರಿದಿತ್ತು.

ಮಗಳು ಕೂಸಾಗಿದ್ದಾಗಲೂ ಹೊಸ್ತಿಲ ಮೇಲೆ ಕೂರಗೊಟ್ಟವಳಲ್ಲ ಅವಳು. ಈಗ ತಾನೇ ಅದರ ಮೇಲೆ ಕೂತಳು. ಡಬ್ಬಿ ತೆರೆದಳು. ಏಲಕ್ಕಿಯ ವಾಸನೆ ಚಾಳಿಗೆಲ್ಲ ಹರಡಿತು.

"ಹೊರಗ ಒಯ್ಯೂಹಂಗಿಲ್ಲ, ಒಳಗ ತರೂಹಂಗಿಲ್ಲ. ಇಲ್ಲೇ ತಿನಬೇಕಲ್ಲರಿ?"

ಒಂದೊಂದೇ ತುತ್ತು ಮುರಿದು, ಸಕ್ಕರೆ ಕಾಯಿಲೆಯನ್ನೂ ಲೆಕ್ಕಿಸದೆ, ಎರಡೂ ಹೋಳಿಗೆಯನ್ನು ತಾನೇ ತಿಂದಳು. ಮುರಿಗೆಪ್ಪ ನಿಂತು ನೋಡಿದ. ಅವಳು ಬೆರಳಿನ ತುಪ್ಪವನ್ನು ಸೆರಗಿಗೆ ಒರೆಸಿಕೊಂಡು, ಡಬ್ಬಿಯನ್ನು ಬೋರಲು ಹಿಡಿದು ತೋರಿಸಿದಳು.

"ಖಾಲಿ ಐತಿ. ಒಳಗ ಹೋಗ್ಲೇನ್ರಿ, ವಾಚಮನ್ ಸಾಹೇಬ್ರ?"

ಅವನು ಹೋಗು ಅನ್ನಲೇಬೇಕಿತ್ತು. ಅಂದ.